ಮುಚ್ಚದ ಹದಿನಾಲ್ಕನೇ ಸಾಲು

ಬೆಳಗಿನ ಐದೂವರೆ. ಶಹಾಬಾದದಿಂದ ವಾಡಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಎರಡು ಕಿಲೋಮೀಟರ್ ನಡೆದರೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳು ಒಂದರ ಹಿಂದೊಂದು ಶುರುವಾಗುತ್ತವೆ. ಮೊದಲನೆಯದರ ದಂಡೆಯ ಮೇಲೆ ಅನಸುಬಾಯಿ ನಿಂತಿದ್ದಾರೆ. ಬಗಲಲ್ಲಿ ಉದ್ದನೆಯ ನೋಟ್‌ಬುಕ್ಕು, ಸೆರಗಿನ ತುದಿಗೆ ಗಂಟು ಹಾಕಿದ ಪೆನ್ನು, ಕಾಲಲ್ಲಿ ಗಂಡನ ಹಳೆಯ ಬೂಟು. ಇಪ್ಪತ್ತು ಅಡಿ ಕೆಳಗೆ ಒಂಬತ್ತು ಜನ ಉಳಿ ಸುತ್ತಿಗೆ ಹಿಡಿದು ಕೂತಾಗಿದೆ. ಬಿಸಿಲೇರುವ ಮೊದಲೇ ಕೈ ಓಡಿಸಬೇಕು.

‘ನಿನ್ನಿಗಿಂತ ಇವತ್ತೇನು ಬ್ಯಾರೆ ಅದರಿ?’ ಎಂದು ಅನಸುಬಾಯಿ ಮೇಲಿನಿಂದಲೇ ಕೇಳುತ್ತಾರೆ.

ಕೆಳಗಿನಿಂದ ಬರುವ ಮೊದಲ ಉತ್ತರ ಯಾವತ್ತೂ ಒಂದೇ, ಏನೂ ಇಲ್ಲ. ಆಕೆ ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಂದು ಕೇಳುತ್ತಾರೆ, ಮತ್ತೊಂದು ಕೇಳುತ್ತಾರೆ. ಎಷ್ಟು ಮಂದಿ ಇದ್ದೀರಿ, ನಿನ್ನೆ ಹತ್ತು ಇದ್ದಿರಲ್ಲ, ಹತ್ತನೆಯವರು ಎಲ್ಲಿ, ಫೋನು ಯಾರ ಕೈಯಲ್ಲಿದೆ. ಆಗ ಒಬ್ಬಾತ ತಲೆ ಕೆರೆದುಕೊಂಡು, ಕೂಲಿಗಳ ಮೇಸ್ತ್ರಿ, ಮುಕಾದಮ ಅಂಬರೇಶ ಚಿಂಚೋಳಿ ಹತ್ತಿರದ ಚಂದಾಪುರಕ್ಕೆ ತಂಗಿಯ ಮನೆಗೆ ಹೋಗಿದ್ದಾನೆ, ಫೋನು ಅವನ ಜೇಬಿನಲ್ಲೇ ಇದೆ ಅನ್ನುತ್ತಾನೆ. ಏನೂ ಇಲ್ಲ ಎಂದಿದ್ದವನೂ ಇದೇ ಮನುಷ್ಯ.

ಮಧ್ಯಾಹ್ನ ಪಕ್ಕದ ದೊಡ್ಡ ಗಣಿಯಲ್ಲಿ ಬಂಡೆ ಸಿಡಿಸುವ ಮೊದಲು ಆ ಫೋನಿಗೆ ಕರೆ ಹೋಗುತ್ತದೆ. ಅಂಬರೇಶ ಚಂದಾಪುರದಲ್ಲಿ ತಂಗಿ ಕೊಟ್ಟ ಚಹಾ ಕುಡಿಯುತ್ತ ಅಭ್ಯಾಸಬಲದಿಂದ ‘ಖಾಲಿ’ ಎಂದು ಒತ್ತಿಬಿಟ್ಟರೆ, ಇಲ್ಲಿ ಕೂತ ಒಂಬತ್ತು ಜನರ ಗತಿ ಏನು? ಅನಸುಬಾಯಿ ಅಲ್ಲಿಂದಲೇ ಆಫೀಸಿಗೆ ಫೋನು ಹಚ್ಚಿ, ಇವತ್ತಿನ ಮಟ್ಟಿಗೆ ಈ ಖಣಿಯ ನಂಬರು ಬದಲಿಸಲು ಹೇಳುತ್ತಾರೆ. ಬದಲಿಸಿದ್ದು ಖಾತ್ರಿಯಾಗುವಂತೆ ಕೆಳಗಿನವನ ಫೋನು ಒಮ್ಮೆ ರಿಂಗಾಗಬೇಕು. ರಿಂಗಾದ ಮೇಲೆಯೇ ಮುಂದಿನ ಖಣಿಗೆ ಹೆಜ್ಜೆ.

‘ಏನೂ ಇಲ್ಲ ಅನ್ನೋದು ಉತ್ತರ ಅಲ್ರಿ, ನನ್ನ ಸಾಗಹಾಕೋದು ಅದು. ದಿನಾ ಏನರೆ ಒಂದು ಬದಲಾಗೇ ಇರ್ತದ. ಅದು ಬದಲಾಗ್ಯದ ಅಂತ ಅವ್ರಿಗೇ ಗೊತ್ತಿರಂಗಿಲ್ಲ’ ಎಂದು ನಡೆಯುತ್ತಲೇ ಹೇಳುತ್ತಾರೆ.

ಈ ಕೆಲಸಕ್ಕೆ ಊರಲ್ಲಿ ಹೆಸರಿಲ್ಲ. ಖಣಿಯವರು ‘ಕೇಳೋ ಅಕ್ಕ’ ಅನ್ನುತ್ತಾರೆ, ಬೇಸರ ಬಂದವರು ‘ಪೊಲೀಸ್ ಅಕ್ಕ’ ಎಂದೂ ಅನ್ನುವುದುಂಟು. ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿಯ ಮಾಳಿಗೆ ಮೇಲೆ ಏಳು ಜನರ ಒಂದು ಸಾಫ್ಟ್‌ವೇರ್ ಕಂಪನಿ ಇದೆ. ಅದರ ಕಾಗದಪತ್ರದಲ್ಲಿ ಈಕೆ ‘ಅಪಾಯ ಪಟ್ಟಿಯ ಸಹಾಯಕಿ’. ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತಲು ಬಾರದ ನಾಲ್ವತ್ತೊಂಬತ್ತರ ಹೆಂಗಸು ಆ ಸಾಫ್ಟ್‌ವೇರಿನ ಅತಿ ಮುಖ್ಯ ಭಾಗ ಎಂದು ಅಲ್ಲಿಯ ಇಂಜಿನಿಯರುಗಳೇ ಒಪ್ಪುತ್ತಾರೆ. ಒಪ್ಪಲು ಒಂದು ಜೀವ ಹೋಗಬೇಕಾಯಿತು.

ಮೊದಲು ಆ ಸಾಫ್ಟ್‌ವೇರು ಏನೆಂದು ಹೇಳಿಬಿಡಬೇಕು. ಫರಸಿ ಖಣಿಗಳಲ್ಲಿ ಕೈಯಿಂದಲೇ ಕಲ್ಲು ಎಬ್ಬಿಸುತ್ತಾರೆ, ಮದ್ದಿನ ಗೊಡವೆ ಇಲ್ಲ. ಆದರೆ ಬೇಲಿಯಾಚೆಗೆ ಸಿಮೆಂಟಿಗೆ ಸುಣ್ಣಕಲ್ಲು ಒದಗಿಸುವ ದೊಡ್ಡ ಗಣಿಯಿದೆ. ಅಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಬಂಡೆ ಸಿಡಿಸುತ್ತಾರೆ. ಸಿಡಿದ ಚೂರು ಎಲ್ಲಿಯವರೆಗೆ ಹಾರುತ್ತದೆಂದು ಯಾರೂ ಆಣೆ ಮಾಡಿ ಹೇಳಲಾರರು. ಅರ್ಧ ಕಿಲೋಮೀಟರಿನೊಳಗೆ ಇಪ್ಪತ್ತಮೂರು ಖಣಿಗಳಿವೆ. ಹಿಂದೆ ಸಿಡಿತಕ್ಕೆ ಒಂದು ತಾಸು ಮುಂಚೆ ಕೆಂಪು ಬಾವುಟದವರು ಮೂವರು ಖಣಿಯಿಂದ ಖಣಿಗೆ ಹೋಗಿ ಜನರನ್ನು ಮೇಲೆ ಹತ್ತಿಸುತ್ತಿದ್ದರು. ಅವರಲ್ಲಿ ಒಬ್ಬರು ಭೀಮಶ್ಯಾ, ಅನಸುಬಾಯಿಯ ಗಂಡ. ಹದಿನಾರು ವರ್ಷ ಬಾವುಟ ಹಿಡಿದ ಮನುಷ್ಯ.

ಮೂರು ವರ್ಷದ ಹಿಂದೆ ಅದೆಲ್ಲ ಫೋನಿಗೆ ಬಂತು. ಪ್ರತಿ ಖಣಿಗೂ ಒಂದು ನಂಬರು. ಕರೆ ಬಂದಾಗ ಮುಕಾದಮ ಎಲ್ಲರನ್ನೂ ಮೇಲೆ ಹತ್ತಿಸಿ ದೂರ ಕಳಿಸಿ, ‘ಖಾಲಿ’ ಎಂದು ಒತ್ತಬೇಕು. ಇಪ್ಪತ್ತಮೂರೂ ಹಸಿರಾದರೆ ಮಾತ್ರ ಗಣಿಯವರಿಗೆ ಅಪ್ಪಣೆ. ಖಣಿಗಳಿಗೆ ರಜೆ ಇದ್ದ ದಿನ ಕರೆಯ ಜಂಜಾಟವಿಲ್ಲ, ಬೆಳಗಿನಿಂದಲೇ ಎಲ್ಲವೂ ತಾನೇ ಹಸಿರಾಗಿರುತ್ತದೆ. ಯಾರೂ ಇಲ್ಲದ ಖಣಿಗೆ ಕರೆ ಮಾಡಿ ಯಾರನ್ನು ಕೇಳುವುದು? ಯೋಚನೆ ಒಳ್ಳೆಯದೇ ಆಗಿತ್ತು. ಮಾಡಿದವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಈ ಕಥೆಯಲ್ಲಿ ಬೈದು ಸಮಾಧಾನ ಮಾಡಿಕೊಳ್ಳಲು ಒಬ್ಬ ಖಳನೂ ಸಿಗುವುದಿಲ್ಲ, ಅದೇ ಇದರ ಸಂಕಟ.

ಅನಸುಬಾಯಿ ಹುಟ್ಟಿದ್ದು ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ. ನಾಲ್ಕನೆಯ ಇಯತ್ತೆ ಓದಿ, ಹದಿನಾರಕ್ಕೆ ಮದುವೆಯಾಗಿ ಈ ಕಲ್ಲಿನ ಸೀಮೆಗೆ ಬಂದರು. ಇಪ್ಪತ್ತೆರಡು ವರ್ಷ ಖಣಿಯಿಂದ ಫರಸಿ ಹೊತ್ತು ಲಾರಿಗೆ ತುಂಬಿದ್ದಾರೆ. ಮೊಣಕಾಲು ಸವೆದು ಮನೆಯಲ್ಲಿ ಕೂತಿದ್ದಾಗ ಖಣಿಗಳ ಫೋನ್ ನಂಬರು ಕೂಡಿಸಲು ದಾರಿ ತೋರಿಸುವವರು ಬೇಕಾಗಿ ಸೇಡಂನ ಇಂಜಿನಿಯರ್ ಭಾಗ್ಯಜ್ಯೋತಿ ಬಾಗಿಲಿಗೆ ಬಂದರು. ಈ ಸಾಫ್ಟ್‌ವೇರಿನ ಹೊಣೆ ಹೊತ್ತವರು ಆಕೆಯೇ, ಆಗಿನ್ನೂ ಇಪ್ಪತ್ತಾರರ ಹುಡುಗಿ. ಇಪ್ಪತ್ತಮೂರು ಖಣಿಗಳನ್ನೂ ಇಬ್ಬರೂ ಕೂಡಿ ತಿರುಗಿದರು. ಆಮೇಲೂ ಖಣಿಯ ನಂಬರು ಬದಲಾದರೆ ಆಫೀಸಿಗೆ ತಂದು ಹೇಳುವ ಕೆಲಸ ಅನಸುಬಾಯಿಗೇ ಉಳಿಯಿತು.

ಕೆಲಸ ಶುರುವಾಗುವ ಮೊದಲು ಆಫೀಸಿನಲ್ಲಿ ಒಂದು ಸಭೆಯಾಯಿತು. ಏನೇನು ತಪ್ಪಬಹುದು ಎಂದು ಎಲ್ಲರೂ ಕೂತು ಪಟ್ಟಿ ಮಾಡುವ ಸಭೆ. ಅನಸುಬಾಯಿಗೂ ಕುರ್ಚಿ ಹಾಕಿದರು. ಫೋನಿನ ಟವರ್ ಬೀಳಬಹುದು, ಬ್ಯಾಟರಿ ಮುಗಿಯಬಹುದು ಎಂದು ಒಬ್ಬೊಬ್ಬರು ಹೇಳುತ್ತಿದ್ದಾಗ ಈಕೆಯೂ ಬಾಯಿ ತೆರೆದರು. ಅಮಾವಾಸ್ಯೆಗೆ ಖಣಿ ರಜೆ ಖರೆ, ಆದರೆ ಅವತ್ತು ಮುಂಜಾನೆ ಆರಕ್ಕೆ ಮಂದಿ ಖಣಿಗಿಳಿದು ಉಳಿ ಸುತ್ತಿಗೆಗೆ ಪೂಜೆ ಮಾಡುತ್ತಾರೆ, ಕಾಯಿ ಒಡೆಯುತ್ತಾರೆ ಎಂದರು. ಭಾಗ್ಯಜ್ಯೋತಿ ಅದನ್ನು ಹದಿನಾಲ್ಕನೇ ಸಾಲಾಗಿ ಬರೆದುಕೊಂಡರು. ಪೂಜೆ ಆರಕ್ಕೆ, ಸಿಡಿತ ಎರಡಕ್ಕೆ. ನಡುವೆ ಎಂಟು ತಾಸು. ಮುಂದಿನ ಕಾಲಂನಲ್ಲಿ ‘ಅಪಾಯ ಕಡಿಮೆ’ ಎಂದಾಯಿತು. ಎರಡು ತಿಂಗಳ ನಂತರ ಸಾಲಿನ ಕೊನೆಗೆ ‘ಮುಗಿದಿದೆ’ ಎಂಬ ಹಸಿರು ಗುರುತೂ ಬಿತ್ತು.

ಆ ಪಟ್ಟಿಯ ಒಂದು ಪ್ರತಿಯನ್ನು ಅನಸುಬಾಯಿ ಕೇಳಿ ಪಡೆದಿದ್ದರು. ತಾನು ಆಡಿದ ಮಾತು ಅಚ್ಚಾಗಿ ಕಾಗದದ ಮೇಲೆ ಕೂತದ್ದು ಹುಟ್ಟಿದಾಗಿನಿಂದ ಅದೊಂದೇ ಸಲ. ರೇಶನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಂದವರಿಗೆ ತೆಗೆದು ತೋರಿಸುತ್ತಿದ್ದರು. ಬಾವುಟ ಇನ್ನು ಬೇಕಾಗಿಲ್ಲ ಎಂಬ ಸುದ್ದಿಯನ್ನು ಗಂಡನಿಗೆ ತಂದು ಹೇಳಿದ್ದೂ ಈಕೆಯೇ. ಭೀಮಶ್ಯಾ ಬಾವುಟವನ್ನು ಮಡಿಚಿ ಟ್ರಂಕಿನ ತಳಕ್ಕೆ ಹಾಕಿ, ಮರುದಿನದಿಂದ ಲಾರಿ ತುಂಬಲು ಹೋದರು.

ಕಳೆದ ವರ್ಷದ ಬೇಸಿಗೆಯಲ್ಲಿ ಎರಡು ಸಣ್ಣ ಬದಲಾವಣೆಗಳಾದವು. ನೀರಿನ ಅಭಾವದಿಂದ ಊರಿನ ನಲ್ಲಿಗೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ನೀರು ಬಿಡತೊಡಗಿದರು. ಕೊಡ ಸಾಲಿಗಿಟ್ಟು ಹೆಂಗಸರು ಪೂಜೆಗೆ ಬರುವುದು ಹೇಗೆ? ಅಮಾವಾಸ್ಯೆಯ ಪೂಜೆಯನ್ನು ಒಂಬತ್ತಕ್ಕೆ ಇಟ್ಟುಕೊಂಡರು. ಇತ್ತ ಗಣಿಯಲ್ಲಿ, ಮಧ್ಯಾಹ್ನದ ಉರಿಯಲ್ಲಿ ಮದ್ದು ತುಂಬುವ ಕೂಲಿಗಳು ಬವಳಿ ಬಂದು ಬೀಳತೊಡಗಿದ್ದರು. ಹೇಗೂ ಅಮಾವಾಸ್ಯೆ ದಿನ ಎಲ್ಲ ಖಣಿಗಳೂ ಹಸಿರೇ ಇರುತ್ತವಲ್ಲ, ಅವತ್ತೊಂದು ದಿನ ಬೆಳಿಗ್ಗೆಯೇ ಸಿಡಿಸಲು ಅವಕಾಶ ಕೊಡಿ ಎಂದು ಗಣಿಯವರು ಕೇಳಿದರು. ಭಾಗ್ಯಜ್ಯೋತಿ ಎರಡು ನಿಮಿಷದಲ್ಲಿ ಸಮಯ ಬದಲಿಸಿ ಕೊಟ್ಟರು.

ಮೊದಲನೆಯದು ಅನಸುಬಾಯಿಗೆ ಗೊತ್ತಿತ್ತು, ಎರಡನೆಯದು ಭಾಗ್ಯಜ್ಯೋತಿಗೆ. ಇಬ್ಬರೂ ವಾರಕ್ಕೆ ಮೂರು ದಿನ ಒಂದೇ ಮೇಜಿನ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು.

ವೈಶಾಖದ ಅಮಾವಾಸ್ಯೆ, ಒಂಬತ್ತೂವರೆ. ಏಳನೇ ಖಣಿಯಲ್ಲಿ ಸಿದ್ದಣ್ಣ, ಅವನ ಹೆಂಡತಿ ಗುರುಲಿಂಗಮ್ಮ, ಇನ್ನೂ ಆರು ಜನ. ಸೈರನ್ ಕೂಗಿದ್ದು ಎಲ್ಲರಿಗೂ ಕೇಳಿಸಿತು, ಯಾರೂ ಏಳಲಿಲ್ಲ. ಗಣಿಯ ಆಚೆ ತುದಿಯಲ್ಲಿ ಸಿಡಿಸಿದರೂ ಅದೇ ಸೈರನ್, ಈಚೆ ತುದಿಯಲ್ಲಿ ಸಿಡಿಸಿದರೂ ಅದೇ. ತಮಗೆ ಸಂಬಂಧಪಟ್ಟದ್ದಾದರೆ ಫೋನು ಬರುತ್ತದೆ ಎಂದು ಎರಡು ವರ್ಷದಲ್ಲಿ ಜನ ಕಲಿತುಬಿಟ್ಟಿದ್ದರು. ಅವತ್ತು ಫೋನು ಬರಲಿಲ್ಲ. ಎಚ್ಚರಿಸಲು ಬಾವುಟದವರೂ ಇರಲಿಲ್ಲ. ಕಾಯಿ ಒಡೆಯಲು ಬಗ್ಗಿದ್ದ ಸಿದ್ದಣ್ಣನ ತಲೆಯ ಹಿಂಭಾಗಕ್ಕೆ ಮುಷ್ಟಿಗಾತ್ರದ ಕಲ್ಲು ಬಂದು ಬಡಿಯಿತು. ಅವನಿಗೆ ನಾಲ್ವತ್ತನಾಲ್ಕು ವರ್ಷ. ಆಸ್ಪತ್ರೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ.

ಆ ಹೊತ್ತಿಗೆ ಅನಸುಬಾಯಿ ಆಫೀಸಿನಲ್ಲಿದ್ದರು. ಖಣಿ ರಜೆ, ಹೋಗುವುದಾದರೂ ಎಲ್ಲಿಗೆ ಎಂದು ಬಂದಿದ್ದರು. ಸುದ್ದಿ ಬಂದಾಗ ಇಬ್ಬರ ಕೈಯಲ್ಲೂ ಚಹಾದ ಕಪ್ಪಿತ್ತು. ಅನಸುಬಾಯಿಯ ಬಾಯಿಂದ ಮೊದಲು ಬಂದ ಮಾತು, ಪೂಜೆ ಈಗ ಒಂಬತ್ತಕ್ಕಾಗುತ್ತದಲ್ಲ ಎಂಬುದು.

‘ನನಗ ಯಾಕ ಹೇಳಲಿಲ್ಲ ಅಕ್ಕ?’ ಎಂದರು ಭಾಗ್ಯಜ್ಯೋತಿ.

‘ಬರ್ದೀವಲ್ರಿ ಮೇಡಂ’ ಎಂದರು ಅನಸುಬಾಯಿ.

ಆ ಎರಡು ಮಾತುಗಳನ್ನು ಆಕೆ ಇವತ್ತಿಗೂ ಮರೆತಿಲ್ಲ. ಕೇಳಿದವರಿಗೆಲ್ಲ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ‘ಪಟ್ಟಿಯಾಗ ಬಂತಂದ್ರ ಮುಗೀತು ಅಂತ ತಿಳ್ಕೊಂಡಿದ್ದೆ ನಾ. ಕಾಗದ ಕಾಯ್ತದ ಅಂತ. ಕಾಗದ ಏನ್ ಕಾಯ್ತದರಿ? ಅದು ಚೀಲದಾಗ ಕುಂತಿತ್ತು.’

ವಿಚಾರಣೆಯಾಯಿತು. ಮೂವತ್ತೊಂದು ಸಾಲುಗಳ ಪಟ್ಟಿ ಮೇಜಿನ ಮೇಲೆ ಬಂತು. ಅಪಾಯವನ್ನು ಮೊದಲೇ ಗುರುತಿಸಿ ದಾಖಲಿಸಲಾಗಿತ್ತು, ಮೃತನು ರಜೆಯ ದಿನ ಅನುಮತಿಯಿಲ್ಲದೆ ಖಣಿಗೆ ಇಳಿದಿದ್ದ ಎಂದು ವರದಿ ಬರೆದರು. ಯಾರ ಮೇಲೂ ತಪ್ಪು ಬರಲಿಲ್ಲ. ಸಿದ್ದಣ್ಣನನ್ನು ಉಳಿಸಬೇಕಾಗಿದ್ದ ಹದಿನಾಲ್ಕನೇ ಸಾಲು ಉಳಿದವರನ್ನೆಲ್ಲ ಉಳಿಸಿತು. ಓದಿದರೆ ಮೈ ಉರಿಯುತ್ತದೆ. ಆದರೆ ವರದಿಯ ಒಂದೊಂದು ವಾಕ್ಯವನ್ನೂ ಬಿಡಿಬಿಡಿಯಾಗಿ ನೋಡಿದರೆ ಸುಳ್ಳು ಎನ್ನಲು ಬರುವುದಿಲ್ಲ.

ನಾಲ್ವತ್ತು ದಿನ ಅನಸುಬಾಯಿ ಮನೆಯಿಂದ ಹೊರಬೀಳಲಿಲ್ಲ. ಭೀಮಶ್ಯಾ ಒಂದು ಮಾತೂ ಆಡಿ ತೋರಿಸಲಿಲ್ಲ, ಅದೇ ಹೆಚ್ಚು ಸುಟ್ಟಿತು ಎನ್ನುತ್ತಾರೆ. ನಾಲ್ವತ್ತೊಂದನೆಯ ದಿನ ಭಾಗ್ಯಜ್ಯೋತಿ ಬಂದು ಹೊಸ್ತಿಲ ಮೇಲೆ ಕೂತರು. ಪಟ್ಟಿಯಲ್ಲಿ ತಪ್ಪಿರಲಿಲ್ಲ, ಅದನ್ನು ಮತ್ತೊಮ್ಮೆ ಕೇಳಿದವರು ಇರಲಿಲ್ಲ, ಇನ್ನು ಮುಂದೆ ದಿನಾ ಕೇಳಬೇಕು, ಕೇಳಲು ನೀವೇ ಬೇಕು ಎಂದರು. ಅನಸುಬಾಯಿ ಒಂದು ಕರಾರು ಹಾಕಿದರು. ಬಾವುಟ ವಾಪಸು ಬರಬೇಕು. ಭಾಗ್ಯಜ್ಯೋತಿ ಗಣಿಯವರ ಬೆನ್ನು ಬಿದ್ದು ಒಪ್ಪಿಸಿದರು. ಮೂರು ಜನರ ಜಾಗದಲ್ಲಿ ಒಬ್ಬರಿಗೆ ಒಪ್ಪಿಗೆ ಸಿಕ್ಕಿತು. ಭೀಮಶ್ಯಾ ಟ್ರಂಕು ತೆರೆದರು.

ಅಲ್ಲಿಂದ ಕೆಲಸದ ರೀತಿಯೇ ಬೇರೆಯಾಗಿದೆ. ಪಟ್ಟಿಯ ಯಾವ ಸಾಲಿಗೂ ‘ಮುಗಿದಿದೆ’ ಎಂಬ ಗುರುತಿಲ್ಲ. ಅದರ ಬದಲು ‘ಕೊನೆಗೆ ಕೇಳಿದ ದಿನ’ ಎಂಬ ಕಾಲಂ ಬಂದಿದೆ. ಇವತ್ತು ಕೇಳದಿದ್ದರೆ ಸಾಲು ತಾನೇ ಕೆಂಪಾಗುತ್ತದೆ. ರಜೆಯೆಂದರೆ ಖಾಲಿ ಎಂಬ ಲೆಕ್ಕವನ್ನು ಕಿತ್ತುಹಾಕಿದ್ದಾರೆ. ಯಾರಾದರೂ ಇವತ್ತು, ಕಣ್ಣಾರೆ ಕಂಡು ಖಾಲಿ ಎನ್ನದ ಹೊರತು ಖಣಿಯಲ್ಲಿ ಜನ ಇದ್ದಾರೆಂದೇ ಸಾಫ್ಟ್‌ವೇರು ತಿಳಿಯುತ್ತದೆ. ಒಳಗೆ ಏನೇ ಬದಲಿಸುವ ಮೊದಲು ಭಾಗ್ಯಜ್ಯೋತಿ ಇಡೀ ಪಟ್ಟಿಯನ್ನು ಅನಸುಬಾಯಿಯ ಮುಂದೆ ಗಟ್ಟಿಯಾಗಿ ಓದಬೇಕು. ಓದುವಾಗ ಹೊಸ ಹುಡುಗರು ಆಕಳಿಸುತ್ತಾರೆ. ಆಕಳಿಸಲಿ ಬಿಡಿ, ‘ಎರಡು ನಿಮಿಷದ ಕೆಲಸ’ ಎಂಬ ಮಾತು ಮಾತ್ರ ಆ ಆಫೀಸಿನಲ್ಲಿ ಯಾರ ಬಾಯಲ್ಲೂ ಬರುವಂತಿಲ್ಲ.

ದಿನಕ್ಕೆ ಇಪ್ಪತ್ತಮೂರು ಖಣಿ, ಒಂಬತ್ತು ಕಿಲೋಮೀಟರ್ ನಡಿಗೆ, ಎರಡು ನೂರರ ಆಸುಪಾಸು ಮಂದಿ. ಮೂವತ್ತೊಂದು ಸಾಲಿನ ಪಟ್ಟಿ ಐವತ್ತೇಳಕ್ಕೆ ಬೆಳೆದಿದೆ. ದಿನಾ ನಾಲ್ಕೈದು ಬದಲಾವಣೆ ಸಿಕ್ಕೇ ಸಿಗುತ್ತವೆ. ಹತ್ತನೇ ಖಣಿಯ ಮುಕಾದಮನಿಗೆ ಕಿವಿ ಮಂದವಾಗಿದೆ, ಆದರೆ ಒಪ್ಪಿಕೊಳ್ಳಲು ನಾಚಿಕೆ. ಬಿಟ್ಟುಹೋದ ಹದಿನೆಂಟನೇ ಖಣಿಯಲ್ಲಿ ಮೊದಲ ಮಳೆಯ ನೀರು ನಿಂತಿದೆ ಎಂದು ರಶೀದಾಬೇಗಂ ಮತ್ತು ಓಣಿಯ ಹೆಂಗಸರು ಬಟ್ಟೆ ಒಗೆಯಲು ಇಳಿಯತೊಡಗಿದ್ದಾರೆ. ಯಾವ ಸಭೆಯಲ್ಲಿ ಕೂತರೂ ಇಂಥವು ಹೊಳೆಯುವುದಿಲ್ಲ, ದಂಡೆಯ ಮೇಲೆ ನಿಂತರೆ ಕಾಣುತ್ತವೆ. ಇಲ್ಲಿಯವರೆಗೆ ಅನಸುಬಾಯಿಯ ಒಂದು ಫೋನಿನಿಂದ ಹನ್ನೊಂದು ಸಲ ಸಿಡಿತ ನಿಂತಿದೆ.

ಗಣಿಯವರ ದಾಖಲೆಯಲ್ಲಿ ಈ ಹನ್ನೊಂದಕ್ಕೆ ‘ವಿಳಂಬ’ ಎಂಬ ಹೆಸರು. ಹನ್ನೊಂದು ವಿಳಂಬ, ಅಪಘಾತ ಸೊನ್ನೆ. ಅಪಘಾತವೇ ಇಲ್ಲದ ಮೇಲೆ ದಿನಾ ತಿರುಗುವುದು ಏಕೆ, ಮುಂದಿನ ತಿಂಗಳಿನಿಂದ ವಾರಕ್ಕೊಮ್ಮೆ ಸಾಕು ಎಂದು ಪತ್ರ ಬಂದಿದೆ. ಆ ಸೊನ್ನೆ ಎಲ್ಲಿಂದ ಬಂತೆಂದು ಪತ್ರ ಬರೆದವರು ಕೇಳಿಕೊಂಡಂತಿಲ್ಲ. ಭಾಗ್ಯಜ್ಯೋತಿ ಉತ್ತರ ಬರೆದಿದ್ದಾರೆ, ಮತ್ತೆ ಬರೆಯುತ್ತಿದ್ದಾರೆ. ಗೆಲ್ಲುವ ಭರವಸೆ ಅವರ ಮುಖದಲ್ಲಿಲ್ಲ. ಅನಸುಬಾಯಿಗೆ ಪತ್ರವನ್ನು ಓದಿ ಹೇಳಿದ್ದಾರೆ.

‘ವಾರಕ್ಕೊಮ್ಮಿ ಅಂದ್ರ ಸೋಮವಾರ ಕೇಳ್ತೀನಿ. ಮಂಗಳವಾರ ಬದಲಾದದ್ದು ಮುಂದಿನ ಸೋಮವಾರದ ತನ ಕಾಯ್ತದೇನ್ರಿ?’ ಎಂದು ಕೇಳುತ್ತಾರೆ ಅನಸುಬಾಯಿ. ಉತ್ತರ ಕೊಡಬೇಕಾದವರು ಈ ದಂಡೆಗೆ ಬರುವುದಿಲ್ಲ.

ಆರೂ ಮುಕ್ಕಾಲಿಗೆ ಏಳನೇ ಖಣಿ ಬರುತ್ತದೆ. ಇಲ್ಲಿಗೆ ಬಂದಾಗ ಆಕೆಯ ನಡಿಗೆ ನಿಧಾನವಾಗುತ್ತದೆ, ಅದಕ್ಕೆ ಮೊಣಕಾಲು ಕಾರಣವಲ್ಲ. ಸಿದ್ದಣ್ಣನ ಹೆಂಡತಿ ಗುರುಲಿಂಗಮ್ಮ ಈಗಲೂ ಇದೇ ಖಣಿಯಲ್ಲಿ ಒಡೆದು ಬಿದ್ದ ಚಿಪ್ಪುಕಲ್ಲು ಹೊರುತ್ತಾರೆ. ಹಿಂದೆ ಇಬ್ಬರೂ ಒಂದೇ ಲಾರಿಗೆ ಫರಸಿ ತುಂಬಿದ ಗೆಳತಿಯರು. ಒಂಬತ್ತು ಗಂಟೆಯ ಪೂಜೆಯ ಸುದ್ದಿಯನ್ನು ಅನಸುಬಾಯಿಗೆ ಹೇಳಿದ್ದು ಯಾರು ಅಂತೀರಿ? ನಲ್ಲಿಯ ಸಾಲಿನಲ್ಲಿ ನಿಂತು ಇದೇ ಗುರುಲಿಂಗಮ್ಮ. ಆ ದಿನದಿಂದ ಆಕೆ ಅನಸುಬಾಯಿಯ ಜೊತೆ ಮಾತಾಡಿಲ್ಲ. ದಿನಾ ಪ್ರಶ್ನೆ ಬಂದಾಗ ತಲೆ ಎತ್ತದೆ, ಖಣಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಬೆರಳು ತೋರಿಸುತ್ತಾರೆ. ಅನಸುಬಾಯಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಹೀಗೆಯೇ ನಡೆದಿದೆ. ಆ ಖಣಿಯ ಪೂಜೆಗೂ ಗುರುಲಿಂಗಮ್ಮ ಮತ್ತೆ ಕಾಲಿಟ್ಟಿಲ್ಲ.

ನಾಳೆ ಜ್ಯೇಷ್ಠದ ಅಮಾವಾಸ್ಯೆ.

‘ನಿನ್ನಿಗಿಂತ ಇವತ್ತೇನು ಬ್ಯಾರೆ ಅದ?’ ಎಂದು ಅನಸುಬಾಯಿ ಕೇಳುತ್ತಾರೆ. ಎಲ್ಲ ಖಣಿಗಳಲ್ಲೂ ಕೇಳುವ ಅದೇ ಮಾತು, ಇಲ್ಲಿ ಮಾತ್ರ ದನಿ ಸ್ವಲ್ಪ ತಗ್ಗುತ್ತದೆ.

ಗುರುಲಿಂಗಮ್ಮ ಏಳು ಬೆರಳು ತೋರಿಸುತ್ತಾರೆ. ಆಮೇಲೆ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಸಿಂಬಿ ಸರಿಮಾಡಿಕೊಂಡು, ದಂಡೆಯ ಕಡೆ ನೋಡುತ್ತಾರೆ.

‘ನಾಳಿ ಪೂಜಾಕ ನಾ ಬರ್ತೀನಿ. ಒಂಬತ್ತಕ್ಕ. ಬರ್ಕೊ’ ಅನ್ನುತ್ತಾರೆ.

ಸೆರಗಿನ ಗಂಟಿನಿಂದ ಪೆನ್ನು ಬಿಚ್ಚಲು ಅನಸುಬಾಯಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹದಿನಾಲ್ಕನೇ ಸಾಲು. ಏಳನೇ ಖಣಿ, ಒಂಬತ್ತು ಗಂಟೆ, ಪೂಜೆಗೆ ಎಂದಿನ ಆರು ಜನ, ಒಬ್ಬರು ಹೆಚ್ಚು. ಆಫೀಸಿಗೆ ಫೋನು ಮಾಡಿ ಎರಡು ಸಲ ಹೇಳಿ, ಅತ್ತಲಿಂದಲೂ ಒಮ್ಮೆ ಹೇಳಿಸಿಕೊಳ್ಳುತ್ತಾರೆ. ಭೀಮಶ್ಯಾಗೂ ಫೋನು ಮಾಡಿ, ನಾಳೆ ಬಾವುಟ ಏಳನೇ ಖಣಿಯ ಬಾಯಲ್ಲೇ ಇರಲಿ ಎನ್ನುತ್ತಾರೆ. ನೋಟ್‌ಬುಕ್ಕು ಮುಚ್ಚುವಾಗ ಕಣ್ಣು ಒದ್ದೆಯಾಗಿರುವುದನ್ನು ಅಡಗಿಸಲೂ ಹೋಗುವುದಿಲ್ಲ.

ಮುಂದಿನ ತಿಂಗಳ ಬಗ್ಗೆ ಕೇಳಿದರೆ ದೊಡ್ಡ ಆಸೆಗಳೇನೂ ಇಲ್ಲ. ತಾನು ಇರಲಿ ಬಿಡಲಿ, ಹದಿನಾಲ್ಕನೇ ಸಾಲನ್ನು ಮಾತ್ರ ಯಾರೂ ಮುಚ್ಚಬಾರದು, ಅದು ಸಿದ್ದಣ್ಣನ ಸಾಲು ಎನ್ನುತ್ತಾರೆ. ಎಂಟನೇ ಖಣಿಯ ಕಡೆ ನಾಲ್ಕು ಹೆಜ್ಜೆ ಹಾಕಿದವರು ನಿಂತು, ತಿರುಗಿ, ಕೆಳಗೆ ಬುಟ್ಟಿ ಎತ್ತುತ್ತಿದ್ದ ಗೆಳತಿಗೆ ಕೂಗಿ ಹೇಳುತ್ತಾರೆ.

‘ಗುರುಲಿಂಗವ್ವಾ, ಬರ್ಕೊಂಡೀನಿ. ಬರ್ಕೊಂಡೀನಿ ಅಂತ ಮನ್ಯಾಗ ಕುಂದ್ರಂಗಿಲ್ಲ. ನಾಳಿ ಎಂಟೂವರಿಗಿ ಮತ್ತ ಬಂದು ಕೇಳ್ತೀನಿ.’